ಆಟ ಕಟ್ಟುವವರನ್ನು ಜೂಜಿನವರ ಸಾಲಿಗೆ ಸೇರಿಸಬೇಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಮೊಬೈಲ್ ಗೇಮ್‌ಗಳ ಬಗ್ಗೆ ಬಂದ ಲೇಖನ ಓದಿದೆ. ಸಾಲ ಮಾಡಿ ರಮ್ಮಿ ಆಡಿ ಸೈಟು ಮಾರಿಕೊಂಡವರ ಕಥೆ ಇತ್ತು, ರಾತ್ರಿಯಿಡೀ ಫೋನ್ ಹಿಡಿದು ಕೂರುವ ಹುಡುಗರ ಕಥೆ ಇತ್ತು, ಬೆಂಗಳೂರಿನ ಗೇಮಿಂಗ್ ಕಂಪನಿಗಳಿಗೆ ಹರಿದು ಬರುವ ಬಂಡವಾಳದ ಬಗ್ಗೆ ಪಕ್ಕದಲ್ಲೇ ಒಂದು ಬಾಕ್ಸ್ ಕೂಡ ಇತ್ತು. ಯಾವುದೂ ಸುಳ್ಳಲ್ಲ. ಆದರೆ ಇಡೀ ಪುಟದಲ್ಲಿ ಒಂದು ಗುಂಪು ಮಾತ್ರ ಕಾಣಲಿಲ್ಲ. ಹಗಲು ಬೇರೆ ಕೆಲಸ ಮಾಡಿಕೊಂಡು, ರಾತ್ರಿ ಊಟ ಆದ ಮೇಲೆ, ಯಾರೂ ಕೇಳದಿದ್ದರೂ ಸುಮ್ನೆ ಖುಷಿಗೆ ಅಂತ ಪುಟ್ಟ ಪುಟ್ಟ ವಿಡಿಯೋ ಗೇಮ್ ಕಟ್ಟುವವರ ಗುಂಪು. ನಾನೂ ಅವರಲ್ಲಿ ಒಬ್ಬ. ಶಿವಮೊಗ್ಗದ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ, ಮನೆಗೆ ಬಂದ ಮೇಲೆ ಹುಲಿ-ಕುರಿ ಆಟ ಬರೆಯುತ್ತೇನೆ.

2025ರ ಆಗಸ್ಟ್‌ನಲ್ಲಿ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂತಲ್ಲ, ಆವಾಗ ನಡೆದದ್ದು ಕೇಳಿ. 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಅಂಕಿತ. ಅಷ್ಟು ಬೇಗ ಆಗಿಹೋಯಿತು. ಟಿವಿ ನೋಡಿದ ನಮ್ಮ ಚಿಕ್ಕಪ್ಪ ಫೋನ್ ಮಾಡಿ, "ಏನೋ, ನಿನ್ನ ಗೇಮೂ ಬಂದ್ ಆಯ್ತಂತೆ? ಹೋಗ್ಲಿ ಬಿಡು, ಇನ್ನಾದ್ರೂ ರಾತ್ರಿ ನಿದ್ದೆ ಮಾಡು" ಅಂದರು. ಆಫೀಸಿನಲ್ಲೂ ಇಬ್ಬರು ಅದನ್ನೇ ಕೇಳಿದರು, ಸ್ವಲ್ಪ ತಗ್ಗಿದ ದನಿಯಲ್ಲಿ, ನಾನೇನೋ ಮಟ್ಕಾ ಅಡ್ಡೆ ಇಟ್ಟುಕೊಂಡಿದ್ದೆ ಅನ್ನುವ ಹಾಗೆ. ಆ ಕಾಯ್ದೆ ನಿಷೇಧಿಸಿದ್ದು ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳನ್ನು. ಇ-ಸ್ಪೋರ್ಟ್ಸ್ (ಸ್ಪರ್ಧೆಯಾಗಿ ಆಡುವ ವಿಡಿಯೋ ಗೇಮ್) ಮತ್ತು ದುಡ್ಡಿನ ಸಂಬಂಧ ಇಲ್ಲದ ಸಾಮಾಜಿಕ ಆಟಗಳಿಗೆ ಉತ್ತೇಜನ ಕೊಡಬೇಕು ಅಂತ ಅದೇ ಕಾಯ್ದೆಯಲ್ಲಿದೆ. ಅದು ಯಾವ ತಲೆಬರಹದಲ್ಲೂ ಬರಲಿಲ್ಲ ಅಂತ ಹೇಳಲಾರೆ, ನಮ್ಮ ಚಿಕ್ಕಪ್ಪ ನೋಡುವ ಚಾನೆಲ್‌ನಲ್ಲಂತೂ ಬರಲಿಲ್ಲ.

ಈ ಗೊಂದಲ ನಮ್ಮಲ್ಲಿ ಮಾತ್ರ ಇರುವುದಲ್ಲ. ಕೆನಡಾದ ಸಸ್ಕಾಚೆವನ್ ಪ್ರಾಂತ್ಯದ ಒಬ್ಬರು 2021ರಲ್ಲಿ ಹವ್ಯಾಸಕ್ಕೆ ಅಂತ ಇಸ್ಪೀಟಿನ ಒಂದು ಆಟ ಶುರು ಮಾಡಿದರು. ಹೆಸರು ಬಲಾಟ್ರೋ. ಮಾಡಿದವರ ನಿಜ ಹೆಸರು ಗುಟ್ಟಾಗಿದೆ, ಲೋಕಲ್‌ಥಂಕ್ ಅನ್ನುವ ಅಡ್ಡಹೆಸರು ಮಾತ್ರ ಗೊತ್ತು. 2024ರ ಫೆಬ್ರವರಿಯಲ್ಲಿ ಬಿಡುಗಡೆಯಾಗಿ ಒಂದೇ ತಿಂಗಳಲ್ಲಿ 10 ಲಕ್ಷ ಪ್ರತಿ ಮಾರಾಟ ಆಯಿತು. ಅದರಲ್ಲಿ ಪೋಕರ್ ಎಲೆಗಳಿವೆ, ಆದರೆ ಆಡುವವರು ಒಂದು ಪೈಸೆಯನ್ನೂ ಪಣಕ್ಕೆ ಇಡುವುದಿಲ್ಲ. ಆದರೂ ಯುರೋಪಿನ ವಯಸ್ಸಿನ ರೇಟಿಂಗ್ ಕೊಡುವ ಸಂಸ್ಥೆ ಅದಕ್ಕೆ 18 ವರ್ಷ ಮೇಲ್ಪಟ್ಟವರಿಗೆ ಅಂತ ಮುದ್ರೆ ಒತ್ತಿತು, ಕೆಲವು ದೇಶಗಳ ಅಂಗಡಿಗಳಿಂದ ಆಟವನ್ನೇ ಕೆಲವು ದಿನ ತೆಗೆದರು. ಮೇಲ್ಮನವಿ ಹೋಗಿ, 2025ರ ಫೆಬ್ರವರಿಯಲ್ಲಿ ಅದು 12 ವರ್ಷಕ್ಕೆ ಇಳಿಯಿತು. ಅಷ್ಟು ದೊಡ್ಡ ವ್ಯವಸ್ಥೆ ಇರುವ ಕಡೆಯೇ ಹೀಗೆ ಎಡವುತ್ತಾರೆ ಅಂದಮೇಲೆ ನಮ್ಮ ಚಿಕ್ಕಪ್ಪನನ್ನು ದೂರಿ ಏನು ಪ್ರಯೋಜನ?

ಜೂಜಿನ ಅನುಮಾನ ಕಳೆದ ಮೇಲೆ ಎರಡನೇ ಪ್ರಶ್ನೆ ಬರುತ್ತದೆ. "ಎಷ್ಟು ಬರುತ್ತೆ ಇದರಿಂದ?"

ಏನೂ ಬರುವುದಿಲ್ಲ. ನನ್ನ ಆಟ ಪುಕ್ಕಟೆ, ಜಾಹೀರಾತೂ ಇಲ್ಲ. ಹಾಗಂದ ತಕ್ಷಣ ಎದುರಿಗಿರುವವರ ಮುಖ ನೋಡಬೇಕು! ನಮ್ಮೂರಿನಲ್ಲೇ ಎಲ್‌ಐಸಿ ನೌಕರರು, ಮೇಷ್ಟ್ರುಗಳು, ಮೆಡಿಕಲ್ ಶಾಪ್ ಇಟ್ಟವರು ಸೇರಿಕೊಂಡು ನಾಟಕ ಆಡುತ್ತಾರೆ. ತಿಂಗಳುಗಟ್ಟಲೆ ರಾತ್ರಿ ತಾಲೀಮು ಮಾಡುತ್ತಾರೆ, ಕೈಯಿಂದ ದುಡ್ಡು ಹಾಕಿ ಪರದೆ ಬಾಡಿಗೆ ತರುತ್ತಾರೆ, ಎರಡು ಪ್ರದರ್ಶನ ಆದ ಮೇಲೆ ಎಲ್ಲ ಕಟ್ಟಿಡುತ್ತಾರೆ. ಅವರನ್ನು ಯಾರೂ ಎಷ್ಟು ಬರುತ್ತೆ ಅಂತ ಕೇಳುವುದಿಲ್ಲ. ಹವ್ಯಾಸಿ ಕಲಾವಿದರು ಅಂತ ಗೌರವದಿಂದ ಕರೆದು ಶಾಲು ಹೊದಿಸುತ್ತೇವೆ. ಸಾಗರದ ಪಕ್ಕದ ಹೆಗ್ಗೋಡಿನಲ್ಲಿ 1949ರಲ್ಲಿ ನೀನಾಸಂ ಶುರುವಾದಾಗ ಅದೂ ಊರಿನ ನಾಟಕದ ಹುಚ್ಚಿನವರು ಕಟ್ಟಿಕೊಂಡ ಸಂಘವೇ ಅಲ್ವಾ? ವಿಡಿಯೋ ಗೇಮ್ ಮಾಡುವವನನ್ನೂ ಅದೇ ಬೆಂಚಿನಲ್ಲಿ ಒಂದು ತುದಿಗೆ ಕೂರಿಸಿಕೊಳ್ಳಿ ಅಂತ ನನ್ನ ಕೋರಿಕೆ. ಶಾಲು ಬೇಡ.

ಇದರಲ್ಲಿ ಮಾಡುವುದಕ್ಕೆ ಏನಿದೆ ಅಂತ ಕೇಳುವವರಿಗೆ ಸ್ವಲ್ಪ ಹೇಳುತ್ತೇನೆ. ನಿಮ್ಮ ಲೇಖನದಲ್ಲಿ ಇಲ್ಲದಿದ್ದದ್ದು ಇದೇ.

ಹುಲಿ-ಕುರಿ ಆಟ ಬಹಳ ಜನಕ್ಕೆ ಗೊತ್ತು. ಶ್ರವಣಬೆಳಗೊಳದಲ್ಲಿ, ಹಂಪಿಯಲ್ಲಿ ಕಲ್ಲುಹಾಸಿನ ಮೇಲೆ ಕೊರೆದ ಇಂಥ ಆಟದ ಮನೆಗಳನ್ನು ಈಗಲೂ ನೋಡಬಹುದು. ಒಂದೊಂದು ಕಡೆ ಒಂದೊಂದು ಲೆಕ್ಕ ಇದೆ. ನಾನು ತೆಗೆದುಕೊಂಡದ್ದು ತ್ರಿಕೋನದ ಮನೆ, 23 ಬಿಂದು, 3 ಹುಲಿ, 15 ಕುರಿ. ಹುಲಿ ಪಕ್ಕದ ಕುರಿಯ ಮೇಲಿಂದ ನೆಟ್ಟಗೆ ಹಾರಿ ಆಚೆಯ ಖಾಲಿ ಬಿಂದುವಿಗೆ ಇಳಿದರೆ ಕುರಿ ಸತ್ತಂತೆ. ಮೂರೂ ಹುಲಿಗಳಿಗೆ ಅಲ್ಲಾಡಲು ಜಾಗ ಇಲ್ಲದಂತೆ ಕಟ್ಟಿಹಾಕಿದರೆ ಕುರಿ ಗೆದ್ದಂತೆ. ಆರು ವರ್ಷದ ಮಗುವಿಗೆ ಐದು ನಿಮಿಷದಲ್ಲಿ ಹೇಳಿಕೊಡಬಹುದು. ಕಂಪ್ಯೂಟರಿಗೆ ಹೇಳಿಕೊಡಲು ವಾರಗಟ್ಟಲೆ ಬೇಕು, ಯಾಕೆಂದರೆ ಅದಕ್ಕೆ ಗೆರೆ ಅಂದರೇನು, ನೆಟ್ಟಗೆ ಅಂದರೇನು ಒಂದೂ ಗೊತ್ತಿಲ್ಲ. ಯಾವ ಬಿಂದುವಿನಿಂದ ಯಾವ ಬಿಂದುವಿಗೆ ದಾರಿ ಇದೆ ಅಂತ ಒಂದು ಪಟ್ಟಿ ಮಾಡಬೇಕು. ಎಲ್ಲಿಂದ, ಯಾರ ಮೇಲಿಂದ, ಎಲ್ಲಿಗೆ ಹಾರಬಹುದು ಅಂತ ಮೂರು ಮೂರು ಅಂಕಿಗಳ ಇನ್ನೊಂದು ಪಟ್ಟಿ ಮಾಡಬೇಕು. ಲೆಕ್ಕದ ಪುಸ್ತಕ ಬರೆದು ರೂಢಿ ಇರುವ ಕೈಗೆ ಇದು ಇಷ್ಟದ ಕೆಲಸ, ಬೇರೆಯವರ ಬಗ್ಗೆ ಹೇಳಲಾರೆ.

ಆಮೇಲೆ ಹುಲಿಗೆ ಬುದ್ಧಿ ಕೊಡಬೇಕು. ಮೊದಲ ಹುಲಿ ಬರೀ ಹೊಟ್ಟೆಬಾಕ: ತಿನ್ನಲು ಕುರಿ ಸಿಕ್ಕರೆ ತಿನ್ನು, ಇಲ್ಲದಿದ್ದರೆ ಎಲ್ಲಾದರೂ ಹೋಗು. ನಮ್ಮ ಮಗಳು ಅದನ್ನು ಒಂದೇ ಸಂಜೆಯಲ್ಲಿ ಹಿಡಿದುಬಿಟ್ಟಳು. ಒಂದು ಕುರಿಯನ್ನು ಬೇಕಂತಲೇ ಬಲಿ ಕೊಡುವುದು, ಹುಲಿ ತಿಂದು ಮೂಲೆಗೆ ಇಳಿದ ಕೂಡಲೇ ಹಿಂದಿನ ದಾರಿ ಮುಚ್ಚುವುದು. ನಮ್ಮಮ್ಮ ಪಕ್ಕದಲ್ಲಿ ಕೂತು ಬೀನ್ಸ್ ಬಿಡಿಸುತ್ತಾ, "ಹುಲಿ ಯಾವಾಗಲೂ ನಡುವಿನಲ್ಲೇ ಇರಬೇಕು ಕಣೋ, ಮೂಲೆ ಸೇರಿದರೆ ಮುಗೀತು" ಅಂದರು. ಆ ಮಾತನ್ನೇ ಪ್ರೋಗ್ರಾಮಿಗೆ ಇಳಿಸಿದೆ. ಪ್ರತಿ ನಡೆಗೂ ಮೊದಲು ಹುಲಿ, ಅಲ್ಲಿಗೆ ಹೋದರೆ ನನಗೆ ಇನ್ನೆಷ್ಟು ದಾರಿ ಉಳಿಯುತ್ತದೆ ಅಂತ ಎಣಿಸುತ್ತದೆ. ಕುರಿ ಅದಕ್ಕೆ ಏನು ಮಾಡಬಹುದು ಅಂತ ನೋಡಿ, ಮತ್ತೆ ಎಣಿಸುತ್ತದೆ. ಎರಡು ಮೂರು ನಡೆ ಮುಂದೆ ನೋಡಿದರೂ ಸಾಕು, ಆಡುವವರು ಬೆವರುತ್ತಾರೆ. ಜಾಸ್ತಿ ನೋಡಿದರೆ ಹಳೇ ಫೋನು ಬಿಸಿಯಾಗುತ್ತದೆ. ಕಷ್ಟದ ಹಂತಕ್ಕೆ ನಾನು ಇಟ್ಟಿರುವ ಹೆಸರು "ಅಜ್ಜಿ ಹುಲಿ".

ಕುರಿಯ ದನಿ ಪಕ್ಕದ ಬೀದಿಯ ಕೊಟ್ಟಿಗೆಯದು. ಫೋನ್ ಹಿಡಿದು ಹತ್ತಿರ ಹೋದರೆ ಒಂದೂ ಬಾಯಿ ಬಿಡುವುದಿಲ್ಲ, ಬೆನ್ನು ತಿರುಗಿಸಿ ಹೊರಟರೆ ಎಲ್ಲ ಸೇರಿ ಅರಚುತ್ತವೆ. ಕೊನೆಗೆ ಮೇವಿನ ಬುಟ್ಟಿ ತೋರಿಸಿ ಒಂದನ್ನು ಅರಚಿಸಿದೆವು. ಹಿಂದೆ ಕೇಳುತ್ತಿದ್ದ ಬೈಕಿನ ಸದ್ದನ್ನು ಆಡಾಸಿಟಿ ಅನ್ನುವ ಸದ್ದು ತಿದ್ದುವ ತಂತ್ರಾಂಶದಲ್ಲಿ ಅಳಿಸಿದ್ದಾಯಿತು.

ಇನ್ನು ಕನ್ನಡದ ವಿಚಾರ. ಇದು ನಿಮ್ಮ ಪತ್ರಿಕೆಯ ಡಿಟಿಪಿ ವಿಭಾಗದವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಇಂಗ್ಲಿಷಿನಲ್ಲಿ ಒಂದು ಅಕ್ಷರದ ಪಕ್ಕ ಇನ್ನೊಂದು ಅಕ್ಷರ ಇಟ್ಟರೆ ಮುಗಿಯಿತು. ಕನ್ನಡದಲ್ಲಿ ಒತ್ತು ಕೆಳಗೆ ಹೋಗಬೇಕು, ಗುಣಿತ ಅಂಟಿಕೊಳ್ಳಬೇಕು, ಅರ್ಕಾವತ್ತು ಅಕ್ಷರದ ಬಲಕ್ಕೆ ಹೋಗಬೇಕು. ಅದಕ್ಕೆ ಅಕ್ಷರ ಜೋಡಿಸುವ ಬೇರೆಯೇ ಒಂದು ತಂತ್ರಾಂಶ ಒಳಗಿರಬೇಕು. ಗೊಡೊ ಅಂತ ಒಂದು ಓಪನ್ ಸೋರ್ಸ್ ಗೇಮ್ ಎಂಜಿನ್ (ಆಟ ಕಟ್ಟುವ ತಂತ್ರಾಂಶ) ಇದೆ, ನಾನು ಬಳಸುವುದು ಅದನ್ನೇ. ಅದರ ಮೂರನೇ ಆವೃತ್ತಿಯವರೆಗೂ ಈ ಜೋಡಣೆ ಇರಲಿಲ್ಲ. "ಹುಲಿ ಗೆದ್ದಿತು" ಅಂತ ಬರೆದರೆ ಗ ಒಂದು ಕಡೆ, ಏತ್ವ ಒಂದು ಕಡೆ, ಎರಡು ದ ಅಕ್ಕಪಕ್ಕ, ನಡುವೆ ಒಂದು ಕೊಕ್ಕೆ. ಆ ಕಾಲದಲ್ಲಿ ಗೊಡೊದಲ್ಲಿ ಕನ್ನಡದ ಆಟ ಮಾಡಬೇಕು ಅಂದರೆ ಇದ್ದದ್ದು ಎರಡು ದಾರಿ. ಪ್ರತಿಯೊಂದು ಮಾತನ್ನೂ ಚಿತ್ರವಾಗಿ ಬರೆದು ಅಂಟಿಸುವುದು ಒಂದು. ಇನ್ನೊಂದು, ಯುನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಇರುವ ಒಂದೇ ಸಂಕೇತ ಪದ್ಧತಿ) ಅಲ್ಲದ ಹಳೇ ನುಡಿ ಫಾಂಟ್ ಹಾಕುವುದು. ಹಳೇ ಫಾಂಟ್‌ಗಳಲ್ಲಿ ಒತ್ತು, ಕೊಂಬು, ಏತ್ವ ಎಲ್ಲ ಬಿಡಿ ಬಿಡಿ ತುಂಡುಗಳಾಗಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ, ಹಾಗಾಗಿ ಎಂಜಿನ್‌ಗೆ ತಾನು ತೋರಿಸುತ್ತಿರುವುದು ಕನ್ನಡ ಅಂತಲೇ ಗೊತ್ತಾಗುವುದಿಲ್ಲ, ಸುಮ್ನೆ ತೋರಿಸಿಬಿಡುತ್ತದೆ. ಎಲ್ಲರೂ ಬೈಯುವ ಆ ಹಳೇ ಫಾಂಟ್ ಇಲ್ಲಿ ಕೆಲಸಕ್ಕೆ ಬಂತು ನೋಡಿ!

2023ರ ಮಾರ್ಚ್‌ನಲ್ಲಿ ಗೊಡೊ ನಾಲ್ಕನೇ ಆವೃತ್ತಿ ಬಂದ ಮೇಲೆ ಈ ತಾಪತ್ರಯ ಹೋಯಿತು. ಹಾರ್ಫ್‌ಬಜ್ ಅನ್ನುವ ಜೋಡಣೆಯ ತಂತ್ರಾಂಶ ಅದರೊಳಗೇ ಬಂತು, ಈಗ ಒತ್ತಕ್ಷರ ಪಟಪಟ ಅಂತ ಸರಿಯಾಗಿ ಕೂರುತ್ತದೆ. ಬ್ರೌಸರ್‌ನಲ್ಲಿ ಆಡುವ ಆಟವಾದರೆ ಕನ್ನಡ ಫಾಂಟನ್ನು ಆಟದ ಜೊತೆಗೇ ಕಟ್ಟಿ ಕಳಿಸಬೇಕು, ಇಲ್ಲದಿದ್ದರೆ ಬರೀ ಚೌಕಗಳು ಕಾಣುತ್ತವೆ. ನೋಟೋ, "ಬಾಲೂ ತಮ್ಮ" ಅನ್ನುವಂಥ ಪುಕ್ಕಟೆ ಫಾಂಟ್‌ಗಳಿವೆ, ಚೆನ್ನಾಗಿಯೂ ಇವೆ. ಶುರು ಮಾಡುವವರು ಇಷ್ಟು ತಿಳಿದುಕೊಂಡರೆ ಒಂದಷ್ಟು ರಾತ್ರಿಗಳು ಉಳಿಯುತ್ತವೆ.

ಖರ್ಚಿನ ಮಾತಿಗೆ ಬಂದರೆ, ಕಟ್ಟುವುದಕ್ಕೆ ಏನೂ ಬೇಡ, ಮಾರುವುದಕ್ಕೆ ಬೇಕು. ಗೊಡೊ ಪುಕ್ಕಟೆ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಚಿತ್ರಕ್ಕೆ ಕ್ರಿಟಾ ಪುಕ್ಕಟೆ. ನೆದರ್ಲೆಂಡ್ಸ್‌ನ ಕೆನ್ನಿ ಅನ್ನುವವರು ಸಾವಿರಾರು ಚಿತ್ರ, ಸದ್ದುಗಳನ್ನು ಯಾರು ಬೇಕಾದರೂ ಬಳಸಿಕೊಳ್ಳಿ ಅಂತ ಬಿಟ್ಟುಕೊಟ್ಟಿದ್ದಾರೆ, ಹೆಸರು ಹಾಕುವ ಷರತ್ತೂ ಇಲ್ಲ. ಇಚ್.ಐಒ ತಾಣದಲ್ಲಿ ಆಟ ಇಡಲು ಶುಲ್ಕ ಇಲ್ಲ. ಪ್ಲೇ ಸ್ಟೋರ್‌ಗೆ ಒಂದು ಸಲಕ್ಕೆ 25 ಡಾಲರ್, ಕಂಪ್ಯೂಟರ್ ಆಟ ಮಾರುವ ಸ್ಟೀಮ್ ತಾಣಕ್ಕೆ ಒಂದು ಆಟಕ್ಕೆ 100 ಡಾಲರ್, ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್. ತಿಂಗಳ ಸಂಬಳದವರಿಗೆ ಇವು ಸಣ್ಣ ಮೊತ್ತವಲ್ಲ, ಅದರಲ್ಲೂ ಆಟವನ್ನು ಪುಕ್ಕಟೆ ಕೊಡುವವರಿಗೆ.

ಪ್ಲೇ ಸ್ಟೋರ್‌ನಲ್ಲಿ ಇನ್ನೊಂದು ಮೆಟ್ಟಿಲಿದೆ. ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು ಆಟವನ್ನು ಎಲ್ಲರಿಗೂ ಬಿಡುವ ಮುಂಚೆ 12 ಜನರಿಂದ, ಸತತ 14 ದಿನ, ಪರೀಕ್ಷೆ ಮಾಡಿಸಬೇಕು. ಮೊದಲು 20 ಜನ ಬೇಕಿತ್ತು, 2024ರ ಕೊನೆಗೆ ಇಳಿಸಿದರು. ಕಳಪೆ ಆ್ಯಪ್‌ಗಳನ್ನು ತಡೆಯಲು ಇದು ಸರಿಯೇ ಇರಬಹುದು. ಆದರೆ ಊರಿನಲ್ಲಿ ಒಬ್ಬನೇ ಕೂತು ಮಾಡುವವನು 12 ಜನರನ್ನು ಎಲ್ಲಿಂದ ತರಬೇಕು? ಭಾವಮೈದ, ಅವನ ಗೆಳೆಯರು, ಸಂಘದ ಪಿಗ್ಮಿ ಏಜೆಂಟರು ಎಲ್ಲರಿಗೂ ಕಾಫಿ ಕುಡಿಸಿ, ದಯವಿಟ್ಟು ಎರಡು ವಾರ ತೆಗೆದುಹಾಕಬೇಡಿ ಅಂತ ಬೇಡಿಕೊಂಡು, ದಿನಾ ವಾಟ್ಸಾಪಿನಲ್ಲಿ ನೆನಪಿಸಿ... ಆ ಎರಡು ವಾರ ಮನೆಯಲ್ಲಿ ನನ್ನ ಫೋನಿಗೆ ಮದುವೆ ಮನೆಯ ಗಡಿಬಿಡಿ. ಒಂದು ಒಳ್ಳೆಯದೂ ಆಯಿತು. ಒಬ್ಬ ಪಿಗ್ಮಿ ಏಜೆಂಟರು ದಾವಣಗೆರೆ ಕಡೆಯವರು, ತಮ್ಮೂರಿನ ಹುಲಿ-ಕುರಿ ಮನೆಯೇ ಬೇರೆ ಅಂತ ರಸೀದಿ ಪುಸ್ತಕದ ಹಿಂದೆ ಬರೆದು ತೋರಿಸಿದರು. ಈಗ ಅದನ್ನು ಕಟ್ಟುತ್ತಿದ್ದೇನೆ.

ಆಟ ಕಟ್ಟುವುದು ನಮಗೆ ಹೊರಗಿನಿಂದ ಬಂದ ಚಟ ಅಂತ ನಿಮ್ಮ ಲೇಖಕರು ಒಂದು ಕಡೆ ಬರೆದಿದ್ದಾರೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಮರೆತರು ಅನ್ನಿಸುತ್ತದೆ. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೂ ಅವರು 1868ರವರೆಗೆ ಬದುಕಿದ್ದರು. ಗಂಜೀಫಾ ಅನ್ನುವ ಹಳೇ ಕಾಲದ ಇಸ್ಪೀಟಿನ ಎಲೆಗಳ ಹೊಸ ಹೊಸ ಕಟ್ಟುಗಳನ್ನು ಕಲ್ಪಿಸಿದವರು, ಚದುರಂಗದ ಕುದುರೆ ಒಂದು ಮನೆಗೆ ಒಂದೇ ಸಲ ಕಾಲಿಟ್ಟು 64 ಮನೆಗಳನ್ನೂ ಮುಗಿಸುವ ನಡೆಗಳನ್ನು ಲೆಕ್ಕ ಹಾಕಿದವರು ಅವರು. ಅವರ ಬಳಿ ಗೊಡೊ ಇರಲಿಲ್ಲ, ಅಷ್ಟೇ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಹಳೆಯ ಹಾಸಿನ ಆಟಗಳನ್ನು ಕೈಯಲ್ಲಿ ಮಾಡಿಸಿ ಪ್ರದರ್ಶನ ಇಡುತ್ತಾರೆ. ಚೌಕಾಬಾರ, ಅಳಗುಳಿಮನೆ, ಪಗಡೆ ಎಲ್ಲ ಇರುತ್ತದೆ. ಹೊಸ ಆಟಕ್ಕೆ ಕಥೆ ಸಿಗುತ್ತಿಲ್ಲ ಅನ್ನುವ ಹುಡುಗರು ಒಮ್ಮೆ ಹೋಗಿ ಬರಬೇಕು.

ಪಕ್ಕದ ಮನೆಯ ತಮಿಳಿನವರು ಎಷ್ಟು ಮುಂದೆ ಹೋಗಿದ್ದಾರೆ ನೋಡಿ. ಕೆನಡಾದ ಟೊರಾಂಟೊದಲ್ಲಿ ಒಂದು ಚಿಕ್ಕ ತಂಡ 2023ರಲ್ಲಿ ವೆಣ್ಬಾ ಅನ್ನುವ ಆಟ ಬಿಡುಗಡೆ ಮಾಡಿತು. 1980ರ ದಶಕದಲ್ಲಿ ಕೆನಡಾಕ್ಕೆ ಹೋಗಿ ನೆಲೆಸಿದ ತಮಿಳು ಕುಟುಂಬದ ಕಥೆ. ಗುಂಡು ಹೊಡೆಯುವುದಿಲ್ಲ, ಓಡುವುದಿಲ್ಲ. ಅಮ್ಮನ ಹರಿದುಹೋದ ಅಡುಗೆ ಪುಸ್ತಕದಲ್ಲಿ ಅಳಿಸಿದ ಸಾಲು ಯಾವುದು ಅಂತ ಊಹಿಸಿ ಇಡ್ಲಿ ಬೇಯಿಸಬೇಕು. ಆಡಿ ಮುಗಿಸಲು ಒಂದೆರಡು ಗಂಟೆ ಸಾಕು. 2024ರಲ್ಲಿ ಅದಕ್ಕೆ ಬ್ರಿಟನ್ನಿನ ಬಾಫ್ಟಾದ ಚೊಚ್ಚಲ ಆಟದ ಪ್ರಶಸ್ತಿ ಬಂತು. ಅಕ್ಕಿ ರೊಟ್ಟಿ ತಟ್ಟುವ, ಕೊಟ್ಟೆ ಕಡುಬು ಬೇಯಿಸುವ ಕನ್ನಡದ ಆಟ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ. ಹೊಟ್ಟೆಕಿಚ್ಚು ಅಂದರೂ ಸರಿ, ಅದನ್ನು ಆಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸರ್ಕಾರ ಏನೂ ಮಾಡಿಲ್ಲ ಅನ್ನುವುದಿಲ್ಲ. ಆನಿಮೇಷನ್ ಮತ್ತು ಗೇಮಿಂಗ್‌ಗೆ ಅಂತ ಕರ್ನಾಟಕ 2012ರಲ್ಲೇ ನೀತಿ ಮಾಡಿತ್ತು, 2024ರಲ್ಲಿ 2029ರವರೆಗಿನ ಹೊಸ ನೀತಿಯೂ ಬಂತು. ದೇಶದ ಮೊದಲ ಗೇಮ್ ಕಂಪನಿಗಳಲ್ಲಿ ಒಂದಾದ ಧ್ರುವ 1997ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲೇ. ಆದರೆ ಆ ನೀತಿಗಳ ಮಾತೆಲ್ಲ ಉದ್ಯೋಗ, ರಫ್ತು, ಕಂಪನಿ. ಒಳ್ಳೆಯದೇ, ಹುಡುಗರಿಗೆ ಕೆಲಸ ಬೇಕು. ಆದರೆ ಕಂಪನಿಯಾಗುವ ಆಸೆಯೇ ಇಲ್ಲದವರಿಗೆ ಅದರಲ್ಲಿ ಬಾಗಿಲು ಎಲ್ಲಿದೆ ಅಂತ ನನಗೆ ಕಾಣಲಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಎಷ್ಟೋ ಕಡೆ ಕಂಪ್ಯೂಟರ್ ಇದೆ, ಮಕ್ಕಳು ಚೆಸ್ಸು ಕೇರಂ ಆಡುತ್ತಾರೆ. ಬೇಸಿಗೆ ರಜೆಯಲ್ಲಿ ಎರಡು ದಿನ ಅಲ್ಲೇ ಕೂರಿಸಿ ತಮ್ಮ ಊರಿನ ಆಟ ಒಂದನ್ನು ಕಂಪ್ಯೂಟರಿನಲ್ಲಿ ಮಾಡಿ ಅನ್ನಬಹುದಲ್ಲ? ಹೊರಗೆ ಇದನ್ನು ಗೇಮ್ ಜ್ಯಾಮ್ ಅನ್ನುತ್ತಾರೆ. ಲುಡುಮ್ ಡೇರ್ ಅನ್ನುವುದು 2002ರಲ್ಲಿ ಶುರುವಾದದ್ದು: ಒಂದು ವಿಷಯ ಕೊಡುತ್ತಾರೆ, ಅದರ ಒಂದು ವಿಭಾಗದಲ್ಲಿ 48 ಗಂಟೆಯಲ್ಲಿ ಒಬ್ಬರೇ ಎಲ್ಲ ಮಾಡಿ ಮುಗಿಸಬೇಕು. ಮುಗಿಯುವುದು ಮುಖ್ಯ. ನಮ್ಮ ಹುಡುಗರೆಲ್ಲ ಮೊದಲ ಆಟವೇ ಇಡೀ ಊರು ಸುತ್ತಾಡುವಂಥ ದೊಡ್ಡ ಆಟ ಆಗಬೇಕು ಅಂತ ಹೊರಡುತ್ತಾರೆ, ಆರು ತಿಂಗಳಾದ ಮೇಲೆ ಒಂದು ರಸ್ತೆ, ಎರಡು ಲೈಟು ಕಂಬ ಮಾತ್ರ ಇರುತ್ತದೆ.

ಇನ್ನು ನಿಮ್ಮಿಂದ ಬೇಕಾದದ್ದು. ನಿಮ್ಮ ಪತ್ರಿಕೆಯಲ್ಲಿ ಪ್ರತಿ ಶನಿವಾರ ಸಿನಿಮಾ ವಿಮರ್ಶೆ ಬರುತ್ತದೆ, ಭಾನುವಾರ ಪುಸ್ತಕ ವಿಮರ್ಶೆ ಬರುತ್ತದೆ, ಐನೂರು ಪ್ರತಿ ಮುದ್ರಿಸಿದ ಕವನ ಸಂಕಲನಕ್ಕೂ ನಾಲ್ಕು ಸಾಲು ಸಿಗುತ್ತದೆ. ತಿಂಗಳಿಗೊಮ್ಮೆ ಕನ್ನಡದ ಒಂದು ಪುಟ್ಟ ಆಟಕ್ಕೂ ಆ ನಾಲ್ಕು ಸಾಲು ಕೊಡಿ. ಆಡಿ ನೋಡಲು ಬೇರೆ ಸಲಕರಣೆ ಬೇಡ, ಬ್ರೌಸರ್ ಸಾಕು. ನಮ್ಮಂಥವರಿಗೆ ದೊಡ್ಡ ಕಷ್ಟ ದುಡ್ಡಲ್ಲ. ಮಾಡಿ ಇಟ್ಟ ಮೇಲೆ ಗೊತ್ತಿಲ್ಲದ ಒಬ್ಬರು ಆಡಿ, ಇಲ್ಲಿ ಬೇಜಾರಾಯಿತು, ಇಲ್ಲಿ ಹುಲಿ ಮೋಸ ಮಾಡಿತು ಅಂತ ಹೇಳುವುದೇ ಇಲ್ಲ. ಮನೆಯವರು ಎಲ್ಲದಕ್ಕೂ ಚೆನ್ನಾಗಿದೆ ಅನ್ನುತ್ತಾರೆ, ಅದರಿಂದ ಏನೂ ಕಲಿಯಲಾಗುವುದಿಲ್ಲ. ನಿಮ್ಮ ವಿಮರ್ಶಕರು ಚೆನ್ನಾಗಿಲ್ಲ ಅಂದರೂ ನನಗೆ ಅಡ್ಡಿಯಿಲ್ಲ. ಯಾಕೆ ಚೆನ್ನಾಗಿಲ್ಲ ಅಂತ ಒಂದು ಸಾಲು ಜಾಸ್ತಿ ಬರೆಯಲಿ. ಮೊದಲ ಸಲಕ್ಕೆ ಆಟ ಸಿಗದಿದ್ದರೆ ತಿಳಿಸಿ, ಹುಲಿ-ಕುರಿಯ ಕೊಂಡಿ ಕಳಿಸುತ್ತೇನೆ. ಅಜ್ಜಿ ಹುಲಿಯ ಹಂತದಿಂದ ಮಾತ್ರ ಶುರು ಮಾಡಬೇಡಿ.

ಇತಿ,
ನಿಮ್ಮ ಹಳೆಯ ಓದುಗ
ಶಿವಮೊಗ್ಗ